ಸುತ್ತಿಗೆಯ ಕೆಳಗೆ ಬೆದರಿದವರು

ಜೆ.ಆರ್.ಆರ್. ಟೋಲ್ಕಿನ್ ಜೀವಮಾನವಿಡೀ ತಿದ್ದುತ್ತ ಕೂತ ಪುರಾಣಸಂಪುಟ ‘ದಿ ಸಿಲ್ಮರಿಲಿಯನ್’. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿ ಅದನ್ನು ಹೊರತಂದರು. ಲೋಕಗಳು ಹುಟ್ಟಿ ಅಳಿಯುವ ಆ ಗ್ರಂಥದಲ್ಲಿ ಕುಬ್ಜರ ಹುಟ್ಟಿನ ಕಥೆಗೆ ಸಿಕ್ಕಿರುವುದು ಕೆಲವೇ ಪುಟ. ಆದರೂ ಇಡೀ ಸಂಪುಟದಲ್ಲಿ ನನ್ನನ್ನು ಮತ್ತೆ ಮತ್ತೆ ಕರೆಯುವುದು ಆ ಪುಟಗಳೇ. ಮತ್ತೆ ಮತ್ತೆ ಕಾಡುವ ಕೊರತೆ ಇರುವುದೂ ಅಲ್ಲೇ.

ಕಥೆ ಇಷ್ಟು. ಎಲ್ಲಕ್ಕೂ ಮೂಲನಾದ ದೇವರು ಇಲೂವಟಾರ್. ಅವನ ಕೈಕೆಳಗೆ ಲೋಕವನ್ನು ರೂಪಿಸುವ ವಾಲರ್ ಎಂಬ ದೇವತೆಗಳು. ಅವರಲ್ಲಿ ಔಲೆ ಕಮ್ಮಾರ; ಕಲ್ಲು, ಲೋಹ, ಕೈಕಸುಬುಗಳೆಲ್ಲ ಅವನವು. ಎಲ್ಫ್‌ಗಳು ಮತ್ತು ಮನುಷ್ಯರು ಇಲೂವಟಾರನ ಮಕ್ಕಳಾಗಿ ಮುಂದೆಂದೋ ಬರಲಿದ್ದಾರೆ. ಔಲೆಗೆ ಕಾಯುವ ತಾಳ್ಮೆಯಿಲ್ಲ. ಕಲಿತದ್ದನ್ನು ಕಲಿಸಲು ಅವನಿಗೆ ಶಿಷ್ಯರು ಬೇಕು. ಬೆಟ್ಟದಡಿಯ ಗವಿಯಲ್ಲಿ, ಯಾರಿಗೂ ತಿಳಿಯದಂತೆ, ಏಳು ಕುಬ್ಜ ಮೂಲಪುರುಷರನ್ನು ಮಾಡುತ್ತಾನೆ. ಭೂಮಿಯ ಮೇಲೆ ಇನ್ನೂ ದುಷ್ಟ ಮೆಲ್ಕೋರನ ದರ್ಬಾರು. ಆದ್ದರಿಂದ ಅವರನ್ನು ಗಟ್ಟಿಯಾಗಿ, ಬಾಗದವರಾಗಿ ಮಾಡುತ್ತಾನೆ. ತಾನೇ ಕಟ್ಟಿದ ಭಾಷೆಯನ್ನು ಕಲಿಸಲು ಕೂರುವಷ್ಟರಲ್ಲಿ ಇಲೂವಟಾರನ ದನಿ ಕೇಳಿಸುತ್ತದೆ: ನೀನು ಆಡಿಸಿದರೆ ಆಡುವ, ನಿನ್ನ ಗಮನ ಬೇರೆಡೆ ಹೋದರೆ ಸುಮ್ಮನೆ ನಿಲ್ಲುವ ಇವು ನಿನಗೆ ಯಾಕೆ?

ಔಲೆ ತಪ್ಪೊಪ್ಪಿಕೊಳ್ಳುತ್ತಾನೆ. ಆದರೆ ಅಪ್ಪನ ಕೆಲಸವನ್ನು ಆಟದಲ್ಲಿ ಅನುಕರಿಸುವ ಮಗು ಅಪ್ಪನನ್ನು ಅಣಕಿಸುತ್ತಿಲ್ಲ ಎಂದೂ ಹೇಳಿಕೊಳ್ಳುತ್ತಾನೆ. ಕೊನೆಗೆ ಅಳುತ್ತ, ಮಾಡಿದ್ದನ್ನೆಲ್ಲ ಪುಡಿಮಾಡಲು ಸುತ್ತಿಗೆ ಎತ್ತುತ್ತಾನೆ. ಕುಬ್ಜರು ಬೆದರಿ ಕುಗ್ಗುತ್ತಾರೆ, ಕರುಣೆ ಬೇಡುತ್ತಾರೆ. ಆಗ ಇಲೂವಟಾರ್ ತಡೆಯುತ್ತಾನೆ. ಸೂತ್ರದ ಬೊಂಬೆ ತಾನಾಗಿ ಬೆದರುವುದುಂಟೇ? ಅವರಿಗೆ ಜೀವ ಆಗಲೇ ಬಂದಿದೆ.

ಇದು ಎಂಥ ಕಲ್ಪನೆ ಎಂದು ತಿಳಿಯಲು ಟೋಲ್ಕಿನ್ ಯಾವುದನ್ನು ಬಿಟ್ಟರು ಎಂದು ನೋಡಬೇಕು. 1937ರ ‘ದಿ ಹಾಬಿಟ್’ನ ಕುಬ್ಜರಿಗೆ ಅವರು ಹೆಸರುಗಳನ್ನು ಆಯ್ದದ್ದು ಪ್ರಾಚೀನ ನಾರ್ಸ್ ಕಾವ್ಯ ‘ವೊಲುಸ್ಪಾ’ದ ಪಟ್ಟಿಯಿಂದ. ಆದರೆ ಹದಿಮೂರನೆಯ ಶತಮಾನದ ಸ್ನೊರ್ರಿಯ ‘ಎಡ್ಡಾ’ದಲ್ಲಿ ಕುಬ್ಜರು ಇಮಿರ್ ಎಂಬ ದೈತ್ಯನ ಹೆಣದಲ್ಲಿ ಹುಟ್ಟಿದ ಹುಳುಗಳು, ಬುದ್ಧಿಯನ್ನೂ ಮನುಷ್ಯರೂಪವನ್ನೂ ಕೊಟ್ಟವರು ದೇವರುಗಳು. ಟೋಲ್ಕಿನ್ ಹೆಸರುಗಳನ್ನು ಉಳಿಸಿಕೊಂಡು ಹುಳುವಿನ ಹುಟ್ಟನ್ನು ಕೈಬಿಟ್ಟರು. ಅದರ ಜಾಗದಲ್ಲಿ ಮಗನನ್ನು ಬಲಿಕೊಡಲು ಕತ್ತಿ ಎತ್ತಿದ ಬೈಬಲ್ಲಿನ ಅಬ್ರಹಾಮನ ನೆರಳು ಬಂದು ನಿಂತಿತು. ಶ್ರದ್ಧಾವಂತ ಕ್ಯಾಥೊಲಿಕ್ ಲೇಖಕನಿಗೆ ಅದು ಸಹಜವೇ. ಆದರೆ ಆ ಮಗ ಐಸಾಕ್, ಕತ್ತಿ ಏಳುವ ಮೊದಲೇ ಬದುಕಿದ್ದವನು. ಕುಬ್ಜರು ಬದುಕಿದ್ದಾರೆಂದು ತಿಳಿಯುವುದೇ ಸುತ್ತಿಗೆ ಎದ್ದ ಮೇಲೆ.

ತ್ರಿಶಂಕುವಿಗಾಗಿ ಬೇರೆ ಸ್ವರ್ಗವನ್ನೇ ಕಟ್ಟಹೊರಟ ವಿಶ್ವಾಮಿತ್ರ ನಮಗೆ ನೆನಪಾಗುವುದು ಸಹಜ. ಆದರೆ ವಿಶ್ವಾಮಿತ್ರನದು ಹಠ, ಔಲೆಯದು ಹಂಬಲ. ನಾವು ಸೃಷ್ಟಿಸುವುದು ನಾವೂ ಸೃಷ್ಟಿಯಾದವರು ಎಂಬ ಕಾರಣಕ್ಕೆ ಎಂದು ಟೋಲ್ಕಿನ್ ನಂಬಿದ್ದರು; ಕಿನ್ನರಕಥೆಗಳ ಬಗ್ಗೆ 1939ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಕೊಟ್ಟ ಉಪನ್ಯಾಸದಿಂದ ಬೆಳೆದ ಪ್ರಬಂಧದ ತಿರುಳೂ ಅದೇ. ಔಲೆ ಆ ನಂಬಿಕೆಯ ಪಾತ್ರರೂಪ. ಮುಂದೆ ಖಳರಾಗುವ ಸೌರಾನ್, ಸರುಮಾನ್ ಇಬ್ಬರೂ ಇದೇ ಔಲೆಯ ಬಳಗದಿಂದ ಬಂದವರೆಂಬುದು ಗಮನಾರ್ಹ. ಮೂವರಿಗೂ ಕಸುಬು ಗೊತ್ತು. ಮಾಡಿದ್ದನ್ನು ಬಿಟ್ಟುಕೊಡಲು ಒಪ್ಪಿದವನು ಒಬ್ಬನೇ. ಮೆಲ್ಕೋರನಿಗೆ ಹೆದರಿ ಕೊಟ್ಟ ಗಟ್ಟಿತನವೂ ಮುಂದೆ ಕೆಲಸಕ್ಕೆ ಬರುತ್ತದೆ: ಸೌರಾನ್ ಏಳು ಮಾಯಾ ಉಂಗುರಗಳಿಂದ ಕುಬ್ಜರ ಚಿನ್ನದಾಸೆಯನ್ನು ಕೆರಳಿಸಬಲ್ಲ, ಅವರನ್ನು ದಾಸರನ್ನಾಗಿ ಮಾಡಲಾರ.

ಇಷ್ಟೆಲ್ಲ ಮೆಚ್ಚಿದ ಮೇಲೂ ತಕರಾರು ಉಳಿಯುತ್ತದೆ. ಬೆದರಿ ಕರುಣೆ ಬೇಡಿದವರು ಆಮೇಲೆ ಮಾತಾಡುವುದೇ ಇಲ್ಲ. ಎಲ್ಫ್‌ಗಳೇ ಚೊಚ್ಚಲ ಮಕ್ಕಳಾಗಬೇಕು. ಆದ್ದರಿಂದ ಅವರು ಎಚ್ಚರಗೊಳ್ಳುವವರೆಗೆ ಕುಬ್ಜರನ್ನು ಕಲ್ಲಿನಡಿ ಮಲಗಿಸಲಾಗುತ್ತದೆ. ಕುಬ್ಜರು ದೇವರ ದತ್ತುಮಕ್ಕಳು. ಇಬ್ಬರ ನಡುವೆ ಜಗಳ ಎಂಬುದೂ ಆಗಲೇ ನುಡಿದಾಗಿದೆ. ಈ ಕಥೆಯನ್ನು ಹೇಳುತ್ತಿರುವುದೂ ಎಲ್ಫ್ ಪರಂಪರೆಯೇ. ಸತ್ತ ಕುಬ್ಜರು ಕಲ್ಲಾಗಿ ಹೋಗುತ್ತಾರೆ ಎಂದು ಎಲ್ಫ್‌ಗಳು ತಿಳಿದಿದ್ದರಂತೆ. ಕುಬ್ಜರ ನಂಬಿಕೆ ಬೇರೆ. ತಾವು ಮಹಾಲ್ ಎಂದು ಕರೆಯುವ ಔಲೆ ತಮ್ಮನ್ನು ಕಾಪಾಡುತ್ತಾನೆ, ಕೊನೆಯ ಯುದ್ಧದ ನಂತರ ಲೋಕವನ್ನು ಮತ್ತೆ ಕಟ್ಟಲು ಅವನ ಜೊತೆ ದುಡಿಯುತ್ತೇವೆ, ಮೂಲಪುರುಷರು ತಮ್ಮ ವಂಶದಲ್ಲೇ ಮರಳಿ ಹುಟ್ಟುತ್ತಾರೆ ಎನ್ನುತ್ತಾರೆ ಅವರು. ಒಂದು ಕಾದಂಬರಿಗೆ ಸಾಲುವಷ್ಟು ನಂಬಿಕೆ ನಾಲ್ಕಾರು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆ ಪುಟಗಳಲ್ಲಿ ಮೂಲಮಾತೆಯರ ಸುಳಿವೂ ಇಲ್ಲ.

ಕುಬ್ಜರು ಗುಟ್ಟಿನ ಜನ, ಒಳಹೆಸರನ್ನು ಗೋರಿಯ ಮೇಲೂ ಕೆತ್ತದವರು ಎಂದು ಸಮರ್ಥಿಸಬಹುದು. ಗುಟ್ಟು ಮಾಡುವುದಕ್ಕೂ ಮೊದಲು ಬಾಯಿ ಬೇಕಲ್ಲ. ನೆಲೆಸಿದ ನಾಡಿನಲ್ಲಿ ಒಳಗಿನವರೂ ಹೊರಗಿನವರೂ ಆದ ಈ ಜನರನ್ನು ಟೋಲ್ಕಿನ್ 1955ರ ಪತ್ರವೊಂದರಲ್ಲಿ ಯಹೂದಿಗಳಿಗೆ ಹೋಲಿಸಿದ್ದಾರೆ. ಅದನ್ನು ತಿಳಿದು ಓದಿದಾಗ ‘ದತ್ತುಮಕ್ಕಳು’ ಎಂಬ ಮಾತು ಇನ್ನಷ್ಟು ಚುಚ್ಚುತ್ತದೆ. ಟೆರಿ ಪ್ರಾಚೆಟ್ 2005ರ ‘ಥಡ್!’ ಕಾದಂಬರಿಯಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಟ್ಯಾಕ್ ಎಂಬ ದೇವರು ತನ್ನನ್ನೇ ಬರೆದುಕೊಂಡು, ಆಮೇಲೆ ನಿಯಮಗಳನ್ನೂ ಲೋಕವನ್ನೂ ಬರೆಯುತ್ತಾನೆ. ಆ ಕಥೆ ಕುಬ್ಜರದೇ ಸ್ವತ್ತು. ಅದರ ಪಾಠಕ್ಕಾಗಿ ಬಡಿದಾಡುವವರೂ ಅವರೇ. ಅದರಲ್ಲಿ ಔಲೆಯ ಕಣ್ಣೀರಿನ ಆಳವಿಲ್ಲ, ಆದರೆ ಜನ ಇದ್ದಾರೆ.

ಟೋಲ್ಕಿನ್‌ರ ಈ ಅಧ್ಯಾಯ ಸೃಷ್ಟಿಕರ್ತನ ಕಥೆಯಾಗಿ ದೊಡ್ಡದು, ಸೃಷ್ಟಿಯಾದವರ ಕಥೆಯಾಗಿ ಅರ್ಧ. ಔಲೆ ಸುತ್ತಿಗೆ ಇಳಿಸಿದ. ಕಥೆಗಾರ ಲೇಖನಿಯನ್ನು ಕುಬ್ಜರ ಕೈಗೆ ಕೊಡಲಿಲ್ಲ.