ಕಲ್ಲಿನ ಮದ್ದಳೆಗಾರರು

ಬೇಲೂರಿನಲ್ಲಿ ಎಲ್ಲರೂ ಮದನಿಕೆಯರ ಮುಖ ನೋಡುತ್ತಾರೆ. ನನಗೆ ಅವರ ಕಾಲಬಳಿಯ ಪುಟ್ಟ ಮದ್ದಳೆಗಾರರೇ ಇಷ್ಟ. 1117ರ ಚೆನ್ನಕೇಶವನ ಗುಡಿ ಕೆತ್ತಿದವರು ವಾದ್ಯ ಬಲ್ಲವರೇ ಸರಿ. ಬಿಗಿದ ಹುರಿ, ಹೆಗಲ ಪಟ್ಟಿ, ಚರ್ಮದ ಮೇಲೆ ಅಂಗೈ ಬಿದ್ದ ಬಗೆ, ಎಷ್ಟು ನೋಡಿದರೂ ಸಾಲದು! ಹಳೇಬೀಡಿನ ಗೋಡೆಗಳಲ್ಲೂ ಇಂಥ ಮೇಳಗಳಿವೆ. ಆ ನಾದ ಉಳಿದಿಲ್ಲ, ನಿಜ. ಆದರೆ 13ನೇ ಶತಮಾನದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ವಾದ್ಯಗಳ ಅಳತೆ, ಪಾಟಾಕ್ಷರಗಳನ್ನು (ಬಡಿತದ ಸೊಲ್ಲುಗಳನ್ನು) ಬರೆದಿಟ್ಟಿದ್ದಾನೆ. ಕಳೆದುಹೋದ ನಾದವನ್ನು ಮತ್ತೆ ಹುಡುಕಲು ಅದು ನೆರವಾದೀತು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1933ರಿಂದ ಯುರೋಪಿನ ಹಳೆಯ ಸಂಗೀತವನ್ನು ಶಾಸ್ತ್ರೀಯವಾಗಿ ಕಲಿಸುತ್ತಿದ್ದಾರೆ. ನಮ್ಮಲ್ಲಿ ಕಲ್ಲಿದೆ, ಗ್ರಂಥವಿದೆ, ಜೀವಂತ ಗುರುಪರಂಪರೆಯೂ ಇದೆ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ತನ್ನ ಮೃದಂಗದ ಮಕ್ಕಳನ್ನು ಅರಸೀಕೆರೆಯ ರೈಲು ಹತ್ತಿಸಿ, ಬೇಲೂರಿಗೆ ಕರೆತಂದು, ಈ ಮದ್ದಳೆಗಾರರ ಮುಂದೆ ಒಂದು ವಾರ ಕೂರಿಸಲಿ.