‘ಇಂದಿರಾಬಾಯಿ’ ಓದಹೊರಟವರಿಗೆ

ಹಿಂದಿನ ಶತಮಾನಗಳ ಕನ್ನಡವನ್ನು ಅರಿಯಬೇಕೆನ್ನುವ ಅಂಕೋಲೆಯ ಓದುಗರು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಿಂದ ಶುರುಮಾಡಬಹುದು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಇದನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸುತ್ತಾರೆ. ಎಳವೆಯಲ್ಲೇ ವಿಧವೆಯಾದ ಇಂದಿರೆ ತವರು ತೊರೆದು, ಅಮೃತರಾಯರ ಆಸರೆಯಲ್ಲಿ ವಿದ್ಯೆ ಕಲಿತು, ವಿಲಾಯತಿಯಿಂದ ಮರಳಿದ ಭಾಸ್ಕರನನ್ನು ಮದುವೆಯಾಗುವ ಕಥೆಯಿದು. ಇಲ್ಲಿ ಬರುವ ಸಾರಸ್ವತ ಮನೆತನಗಳ ರೀತಿನೀತಿ ಕಾರವಾರದ ಕಡೆಯವರಿಗೆ ಹೊಸದಲ್ಲ.

ಪುಸ್ತಕ ತೆರೆಯುವ ಮೊದಲು ಹೆಸರನ್ನೇ ನಿಧಾನವಾಗಿ ಓದಬೇಕು: ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 1887ರ ನಾಟಕಕ್ಕೂ ಇಂಥದೇ ಜೋಡಿ ಹೆಸರು: ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ ಅಥವಾ ಕನ್ಯಾವಿಕ್ರಯದ ಪರಿಣಾಮವು’. ಮೊದಲರ್ಧದಲ್ಲಿ ವ್ಯಕ್ತಿ, ಎರಡನೆಯದರಲ್ಲಿ ತಿರುಳು. ಇಂದು ಬಿಟ್ಟುಹೋಗುತ್ತಿರುವ ಕೊನೆಯ ‘ವು’ ಅಂದಿನ ಗದ್ಯಕ್ಕೆ ಒಂದು ಗಾಂಭೀರ್ಯ ಕೊಡುತ್ತಿತ್ತು. ‘ವಿಕ್ರಯ’ ಮಾತಿನಿಂದ ಮರೆಯಾದರೂ, ಅದರ ಒಡಹುಟ್ಟು ‘ಕ್ರಯಪತ್ರ’ ಜಮೀನಿನ ಕಾಗದಗಳಲ್ಲಿ ಉಳಿದಿದೆ.

ನಿಜವಾದ ತೊಡಕು ಅರಿಯದ ಪದಗಳದ್ದಲ್ಲ, ಅರಿತೆವೆಂದುಕೊಂಡ ಪದಗಳದ್ದು. ‘ಬಹಿಷ್ಕಾರ’ ಎಂದರೆ ಇಂದಿನವರಿಗೆ ಮತದಾನ ಬಹಿಷ್ಕಾರ, ಸಭೆಯ ಬಹಿಷ್ಕಾರ. ಭಾಸ್ಕರನಂಥ ತರುಣರು ಕಡಲು ದಾಟಿ ಬಂದ ಕಾಲದಲ್ಲಿ ಅದು ಜಾತಿಯಿಂದ, ಊಟದ ಪಂಕ್ತಿಯಿಂದ, ಮಠದ ತೀರ್ಥದಿಂದ ಹೊರಗಾಗುವುದು. ಆ ಭಾರ ತಿಳಿಯದವರಿಗೆ ಈ ಮದುವೆಯ ಧೈರ್ಯವೂ ತಿಳಿಯದು. ‘ಸುಧಾರಣೆ’ಯೂ ಹಾಗೆಯೇ, ಅಂದು ಆ ಮಾತಿನೊಳಗೆ ಹೆಣ್ಣುಮಕ್ಕಳ ಶಾಲೆ, ವಿಧವಾವಿವಾಹಗಳೂ ಸೇರಿದ್ದವು.

ಕಚೇರಿಯ ಮಾತುಗಳಲ್ಲೂ ಎಚ್ಚರ ಬೇಕು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಡಳಿತಕ್ಕೆ ಸೇರಿತು, ಮಂಗಳೂರು ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಅಂದು ಮಂಗಳೂರಿನವರು ತಹಶೀಲ್ದಾರ ಎನ್ನುತ್ತಿದ್ದ ಅಧಿಕಾರಿ ಅಂಕೋಲೆಯಲ್ಲಿ ಮಾಮಲೇದಾರ ಎನಿಸುತ್ತಿದ್ದ.

ಪದಪದಕ್ಕೂ ನಿಘಂಟು ತೆರೆದರೆ ಕಥೆ ಸೊರಗುತ್ತದೆ. ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ಮುಗಿಸಿ, ಗುರುತು ಹಾಕಿದ ಮಾತುಗಳನ್ನು ಆಮೇಲೆ ಕಿಟೆಲ್ ಕೋಶದಲ್ಲಿ ನೋಡುವುದೇ ಮೇಲು. 1894ರಲ್ಲಿ ಅದೂ ಮಂಗಳೂರಿನಿಂದಲೇ ಹೊರಬಂದದ್ದು. ಕಾದಂಬರಿಗಿಂತ ಐದೇ ವರ್ಷ ಹಿರಿದಾದ್ದರಿಂದ ಅಂದಿನ ಅರ್ಥ ಅಲ್ಲಿ ಸಿಗುತ್ತದೆ. ಕೋಶಕ್ಕೂ ಮೊದಲು ಮನೆಯ ಅಜ್ಜಿಯನ್ನೋ ನೆರೆಯ ಹಿರಿಯರನ್ನೋ ಕೇಳಿ, ಅವರು ಹೇಳಿದ್ದನ್ನು ಪುಟದ ಅಂಚಿನಲ್ಲೇ ಬರೆದಿಡಿ.