ಇಪ್ಪತ್ತನೇ ನಿಮಿಷದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ರಿವ್ಯೂ ಕೂಡ ವಿಮರ್ಶೆಯೇ ತಾನೇ? ಹಾಗಾದ್ರೆ ಕಾದಂಬರಿಯ ವಿಮರ್ಶಕನಿಗೆ ಕೇಳೋ ಪ್ರಶ್ನೆಯನ್ನ ಇಲ್ಲೂ ಕೇಳಬಹುದು: ನೀವು ಪೂರ್ತಿ ಓದಿದ್ರಾ, ಇಲ್ಲ ಮೊದಲ ಅಧ್ಯಾಯ ಓದಿ ಬರೆದ್ರಾ? ಬಹುತೇಕ ಲ್ಯಾಪ್‌ಟಾಪ್ ರಿವ್ಯೂಗಳು ಮೊದಲ ಅಧ್ಯಾಯಕ್ಕೇ ನಿಲ್ಲುತ್ತವೆ ಅನ್ನೋದು ನನ್ನ ತಕರಾರು. ಈ ಕಂತಿನಲ್ಲಿ ಮಾತಾಡೋದು ಅದನ್ನೇ.

ಕ್ರೈಸ್ಟ್‌ಚರ್ಚ್‌ನಲ್ಲಿ ಫೆಬ್ರವರಿ ಬಂತಂದ್ರೆ ಯೂನಿವರ್ಸಿಟಿ ಆಫ್ ಕ್ಯಾಂಟರ್ಬರಿಗೆ ಸೇರೋ ಮಕ್ಕಳಿರೋ ಮನೆಗಳಲ್ಲಿ ಇದೇ ಚರ್ಚೆ. ಎರಡು ಲ್ಯಾಪ್‌ಟಾಪ್, ಎರಡಕ್ಕೂ ಹದಿನಾಲ್ಕು ಇಂಚಿನ ಪರದೆ, 16 ಜಿಬಿ ರ‍್ಯಾಮ್, ಒಂದೇ ಅಳತೆಯ ಸ್ಟೋರೇಜ್. ಒಂದರ ಮೇಲೆ ಇಂಟೆಲ್ ಕೋರ್ ಅಲ್ಟ್ರಾ 7 155ಯು ಅಂತಿದೆ, ಇನ್ನೊಂದರ ಮೇಲೆ 155ಎಚ್. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸ. "ಎರಡೂ ಒಂದೇ ಬಿಡಿ, ಎಚ್ ಇನ್ನೂ ಫಾಸ್ಟು" ಅಂತ ಒಬ್ಬರು ಅಂದ್ರೆ ತೀರ್ಮಾನ ಆಗಿಹೋಯ್ತು.

ಎರಡೂ ಒಂದೇ ಅಲ್ಲ. ಕೋರ್ ಅಲ್ಟ್ರಾ 7 ಅನ್ನೋದು ಮನೆತನದ ಹೆಸರು, ಆಳಿನ ಹೆಸರಲ್ಲ. 155ಯುನಲ್ಲಿ 12 ಕೋರ್, ಅದರಲ್ಲಿ ದೊಡ್ಡವು ಎರಡೇ. ಅದರ ಮೂಲ ವಿದ್ಯುತ್ ಲೆಕ್ಕ 15 ವ್ಯಾಟ್, ಚುರುಕಾಗಿ ಓಡಿದಾಗ ಹೆಚ್ಚೆಂದರೆ 57. 155ಎಚ್‌ನಲ್ಲಿ 16 ಕೋರ್, ದೊಡ್ಡವು ಆರು. ಮೂಲ ಲೆಕ್ಕ 28, ಗರಿಷ್ಠ 115 ವ್ಯಾಟ್. ಈ ವ್ಯಾಟ್ ಎಲ್ಲಾ ಕೊನೆಗೆ ಶಾಖ ಆಗಿಯೇ ಹೊರಗೆ ಬರಬೇಕು. ತೆಳ್ಳನೆಯ ಡಬ್ಬಿಯೊಳಗಿನ ಪುಟ್ಟ ಫ್ಯಾನು 115 ವ್ಯಾಟಿನ ಶಾಖವನ್ನ ಎಷ್ಟು ಹೊತ್ತು ಆಚೆ ತಳ್ಳೀತು? ಕೆಲವು ಸೆಕೆಂಡು. ಆಮೇಲೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಎಷ್ಟು ವ್ಯಾಟಿಗೆ ಇಳಿದು ನಿಲ್ಲಬೇಕು ಅನ್ನೋದನ್ನ ಬಹುಪಾಲು ಲ್ಯಾಪ್‌ಟಾಪ್ ತಯಾರಿಸೋ ಕಂಪನಿಯೇ ನಿರ್ಧರಿಸುತ್ತೆ. ಹಾಗಾಗಿ ಎರಡು 155ಎಚ್ ಲ್ಯಾಪ್‌ಟಾಪ್‌ಗಳೂ ಒಂದೇ ಥರ ಓಡಬೇಕು ಅಂತೇನಿಲ್ಲ.

ಇದಕ್ಕೆ ಒಳ್ಳೆ ಉದಾಹರಣೆ 2020ರ ನವೆಂಬರ್‌ನಲ್ಲಿ ಸಿಕ್ಕಿತು. ಆಪಲ್ ತನ್ನ ಎಂ1 ಚಿಪ್ಪನ್ನ ಮ್ಯಾಕ್‌ಬುಕ್ ಏರ್ ಮತ್ತು 13 ಇಂಚಿನ ಮ್ಯಾಕ್‌ಬುಕ್ ಪ್ರೋ ಎರಡಕ್ಕೂ ಹಾಕಿತು. ಏರ್‌ಗೆ ಫ್ಯಾನೇ ಇಲ್ಲ, ಪ್ರೋಗೆ ಇದೆ. ಚಿಕ್ಕ ಕೆಲಸಗಳಲ್ಲಿ ಎರಡೂ ಸರಿಸಮ. ಉದ್ದನೆಯ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದ್ರೆ ಸ್ವಲ್ಪ ಹೊತ್ತಿನ ಮೇಲೆ ಏರ್ ನಿಧಾನ ಆಗುತ್ತೆ, ಪ್ರೋ ಅದೇ ವೇಗದಲ್ಲಿ ಸಾಗುತ್ತೆ. ಅಂದ್ರೆ ಫ್ಯಾನು ಕೊಡೋದು ವೇಗವನ್ನಲ್ಲ, ಆ ವೇಗದ ಬಾಳಿಕೆಯನ್ನ. ಬರೆಯೋದು, ಓದೋದು, ವಿಡಿಯೋ ಕಾಲ್ ಮಾಡೋದು ಇಷ್ಟೇ ಇರೋರಿಗೆ ಆ ಬಾಳಿಕೆ ಬೇಕಾಗೋದು ಅಪರೂಪ. ಅವರಿಗೆ ಏರ್‌ನ ಮೌನವೇ ಲಾಭ.

ರಿವ್ಯೂಗಳು ಎಲ್ಲಿ ಜಾರುತ್ತವೆ ನೋಡಿ. ಮೊದಲನೆಯದು, ಪರೀಕ್ಷೆ ಐದೇ ನಿಮಿಷದ್ದು. ಯಂತ್ರ ಇನ್ನೂ ತಣ್ಣಗಿರುವಾಗಲೇ ಅಂಕ ಕೊಟ್ಟಾಗಿರುತ್ತೆ. ಎರಡನೆಯದು ಇನ್ನೂ ಕೆಟ್ಟದ್ದು: ವೇಗದ ಅಂಕ 'ಪರ್ಫಾರ್ಮೆನ್ಸ್' ಮೋಡ್‌ನದು, ಸದ್ದಿನ ಮಾತು 'ಸೈಲೆಂಟ್' ಮೋಡ್‌ನದು. ಆ ವೇಗ ಮತ್ತು ಆ ಮೌನ ಒಟ್ಟಿಗೆ ಯಾವತ್ತೂ ಸಿಗಲ್ಲ. ಮದುವೆ ಗಂಡಿನ ಸಂಬಳ ಅಣ್ಣನದು, ಫೋಟೋ ತಮ್ಮನದು ಅಂದ ಹಾಗಾಯ್ತು. ಮೂರನೆಯದು, ಡೆಸಿಬಲ್ ಸಂಖ್ಯೆಯನ್ನ ಕಿಲೋ ಲೆಕ್ಕದ ಥರ ಓದೋದು. 30ಕ್ಕೂ 40ಕ್ಕೂ ಹತ್ತೇ ವ್ಯತ್ಯಾಸ ಅನಿಸುತ್ತೆ, ಆದರೆ ಹತ್ತು ಡೆಸಿಬಲ್ ಏರಿದ್ರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟು ಕೇಳಿಸುತ್ತೆ. ನೋಟ್‌ಬುಕ್‌ಚೆಕ್ ಥರದ ತಾಣಗಳು ಫ್ಯಾನ್ ಸದ್ದು, ಮೇಲ್ಮೈ ಬಿಸಿ ಎರಡನ್ನೂ ಅಳೆದು ಬರೆಯುತ್ತವೆ. ಓದೋಕೆ ಒಣ ಅನಿಸಿದ್ರೂ ನಾನು ನಂಬೋದು ಆ ಥರದ ಬರಹವನ್ನ.

ಇನ್ನು ಊರಿನ ಪ್ರಶ್ನೆ. ಒಂದೇ ಕೆಲಸ, ಒಂದೇ ಫ್ಯಾನ್ ವೇಗ ಇದ್ದಾಗ ಕೋಣೆ ಎಷ್ಟು ಡಿಗ್ರಿ ಏರುತ್ತೋ ಲ್ಯಾಪ್‌ಟಾಪ್ ಮೈಯೂ ಸುಮಾರು ಅಷ್ಟೇ ಏರುತ್ತೆ. ನ್ಯೂಜಿಲೆಂಡ್‌ನ ಬಾಡಿಗೆ ಮನೆಗಳ ಹೆಲ್ದಿ ಹೋಮ್ಸ್ ನಿಯಮದ ಪ್ರಕಾರ ಹಾಲ್‌ನ ಹೀಟರ್ ಕನಿಷ್ಠ 18 ಡಿಗ್ರಿ ಬೆಚ್ಚಗೆ ಇಡುವಂತಿರಬೇಕು. ಆ 18 ಡಿಗ್ರಿಯಲ್ಲಿ ಲ್ಯಾಪ್‌ಟಾಪ್ ತಳ 38 ಡಿಗ್ರಿ ಇದ್ದರೆ ತೊಡೆ ಮೇಲೆ ಹಿತವೇ. ಅದೇ ಯಂತ್ರವನ್ನ ಸೂಟ್‌ಕೇಸಿನಲ್ಲಿಟ್ಟು ಏಪ್ರಿಲ್‌ನಲ್ಲಿ ಕಲಬುರಗಿಯ ತಮ್ಮನಿಗೆ ಕೊಟ್ಟರೆ? ಅಲ್ಲಿ ಕೋಣೆಯೇ 38. ತಳ 58 ಆಗೋಕೆ ಯಂತ್ರ ಬಿಡಲ್ಲ. ಫ್ಯಾನ್ ಜೋರಾಗುತ್ತೆ, ಇಲ್ಲ ವೇಗ ಬೀಳುತ್ತೆ. "ನಿಮ್ಮ ಹತ್ರ ಇದ್ದಾಗ ಸುಮ್ಮನೆ ಇತ್ತಲ್ಲಣ್ಣ" ಅಂತ ತಮ್ಮ ಕೇಳಿದ್ರೆ ಯಂತ್ರ ಕೆಟ್ಟಿದೆ ಅಂತಲ್ಲ. ಇಲ್ಲೂ ನಾರ್‌ವೆಸ್ಟರ್ ಗಾಳಿ ಬೀಸೋ ದಿನ ಬೇರೆ ಕಥೆ: 1973ರ ಫೆಬ್ರವರಿ 7ರಂದು ಕ್ರೈಸ್ಟ್‌ಚರ್ಚ್ 41.6 ಡಿಗ್ರಿ ಕಂಡಿದೆ. ಆದರೆ ವರ್ಷದ ಹೆಚ್ಚಿನ ದಿನ ಈ ಊರು ಫ್ಯಾನಿನ ಪರ. ಚಳಿಗಾಲದ ತೊಂದರೆ ಒಂದೇ. ಕಿಟಕಿ ಬಾಗಿಲು ಮುಚ್ಚಿ, ಬೀದಿ ಸದ್ದೂ ಇಲ್ಲದ ರಾತ್ರಿ ಸಣ್ಣ ಸುಯ್ ಕೂಡ ದೊಡ್ಡದಾಗಿ ಕೇಳಿಸುತ್ತೆ.

ನಮ್ಮಂಥ ಧ್ವನಿ ಕೆಲಸದವರಿಗೆ ಅದು ಕೇಳೋ ಸಮಸ್ಯೆ ಅಷ್ಟೇ ಅಲ್ಲ, ಕೇಳಿಸೋ ಸಮಸ್ಯೆ. ಲ್ಯಾಪ್‌ಟಾಪ್‌ನ ಮೈಕ್ ಇರೋದೂ ಫ್ಯಾನ್ ಇರೋ ಅದೇ ಯಂತ್ರದಲ್ಲಿ. ಸದ್ದು ಅಳಿಸೋ ಸಾಫ್ಟ್‌ವೇರ್ ಇದೆಯಲ್ಲ ಅಂತೀರಿ. ಇದೆ. ಆದರೆ ಸ, ಶ, ಹ ಅಕ್ಷರಗಳೂ ಗಾಳಿಯ ಸದ್ದಿನಂಥವೇ. ಫ್ಯಾನನ್ನ ಅಳಿಸುವಾಗ ಕೆಲವೊಮ್ಮೆ ಅವೂ ಸವೆಯುತ್ತವೆ. ಕಿವಿ ಮಂದವಾಗಿರೋ ಅಜ್ಜಿಗೆ ಊರಿನಲ್ಲಿ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನ ಅರ್ಧ ಮಾತು ಹೀಗೇ ಕಳೆದುಹೋಗುತ್ತೆ.

ಹಾಗಾದ್ರೆ ಯಾವುದು ತಗೋಬೇಕು? ಟೈಪಿಂಗ್, ಪಾಠ, ಕರೆ, ಬ್ಯಾಂಕು ಇಷ್ಟಕ್ಕೆ ಯು ಸಾಕು, ಫ್ಯಾನಿಲ್ಲದ್ದಾದ್ರೂ ಸರಿಯೇ. ಎಂಜಿನಿಯರಿಂಗ್ ವಿನ್ಯಾಸ, ದೊಡ್ಡ ಕೋಡ್, ವಿಡಿಯೋ ಇದ್ರೆ ಎಚ್, ಆದರೆ ಸ್ವಲ್ಪ ದಪ್ಪನೆಯ ಮೈಯಲ್ಲಿ. ಅತಿ ತೆಳ್ಳನೆಯ ಎಚ್ ನನ್ನ ಮಟ್ಟಿಗೆ ಕಷ್ಟದ ವ್ಯಾಪಾರ. ಆಗಾಗ ಅರ್ಧ ನಿಮಿಷದ ಓಟ ಬೇಕಾದವರಿಗೆ ಅದೂ ಒದಗುತ್ತೆ, ನಿಜ. ಉಳಿದವರು 115ಕ್ಕೆ ದುಡ್ಡು ಕೊಟ್ಟು ಅದರ ಒಂದು ಪಾಲಿನಲ್ಲಿ ಬದುಕುತ್ತಾರೆ, ಸದ್ದು ಬೇರೆ.

ಅಂಗಡಿಯಲ್ಲಿ ಇದು ಗೊತ್ತಾಗಲ್ಲ. ಅಲ್ಲಿನ ಗದ್ದಲದಲ್ಲಿ ಎಲ್ಲ ಲ್ಯಾಪ್‌ಟಾಪೂ ಮೌನಿಯೇ. ಇಲ್ಲಿನ 1993ರ ಗ್ರಾಹಕ ಖಾತರಿ ಕಾಯ್ದೆ ದೋಷ ಇರೋ ವಸ್ತುವಿಗೆ ರಕ್ಷಣೆ ಕೊಡುತ್ತೆ. ಮನಸ್ಸು ಬದಲಾಯ್ತು ಅಂದ್ರೆ ವಾಪಸ್ ತಗೊಳ್ಳಲೇಬೇಕು ಅಂತ ಅಂಗಡಿಯವರಿಗೆ ಕಟ್ಟಳೆ ಇಲ್ಲ. ಅದಕ್ಕೇ ವಾಪಸಾತಿ ಹೇಗೆ ಅಂತ ಕೊಳ್ಳೋ ಮೊದಲೇ ಕೇಳಿ. ಮನೆಗೆ ತಂದ ಮೊದಲ ರಾತ್ರಿಯೇ ಚಾರ್ಜರ್ ಹಾಕಿ, ಬಾಗಿಲು ಮುಚ್ಚಿ, ನಿಮ್ಮದೇ ಒಂದು ಭಾರದ ಕೆಲಸ ಇಪ್ಪತ್ತು ನಿಮಿಷ ಓಡಿಸಿ. ಒಂದೇ ಮೋಡ್‌ನಲ್ಲಿ ವೇಗವನ್ನೂ ನೋಡಿ, ಸದ್ದನ್ನೂ ಕೇಳಿ.

ಕನ್ನಡದಲ್ಲಿ ಲ್ಯಾಪ್‌ಟಾಪ್ ವಿಡಿಯೋ ಮಾಡೋ ಗೆಳೆಯರಲ್ಲಿ ಒಂದು ಕೋರಿಕೆ: ಇಪ್ಪತ್ತು ನಿಮಿಷದ ನಂತರ ಎಷ್ಟು ವ್ಯಾಟ್, ಅದೇ ಹೊತ್ತಿಗೆ ಎಷ್ಟು ಡೆಸಿಬಲ್, ನಿಮ್ಮ ಕೋಣೆ ಎಷ್ಟು ಡಿಗ್ರಿ. ಈ ಮೂರು ಹೇಳಿ ಸಾಕು. ಬೀದರಿನವರೂ ಕ್ರೈಸ್ಟ್‌ಚರ್ಚಿನವರೂ ಉಳಿದ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ.